ಗ್ರೌಲರ್ ಮೇಲಿಟ್ಟ ಆರು ಕಡ್ಡಿಗಳು

ಮಕ್ಕಳೇ, ಹೋದ ರಜೆಗೆ ಬಂದಾಗ ನಿಮ್ಮಲ್ಲಿ ದೊಡ್ಡವಳು ತನ್ನ ಗಿಟಾರಿನ ತಂತಿಗಳ ಕೆಳಗಿರುವ ಕರಿಯ ಪಟ್ಟಿಯನ್ನು ತೋರಿಸಿ ಕೇಳಿದಳು: "ಆಯಿ, ಇದರಾಗ ಬ್ಯಾರೆ ಮ್ಯಾಗ್ನೆಟ್ ಹಾಕಿದ್ರ ದನಿ ಬ್ಯಾರೆ ಆಗತೈತೇನು?" "ಆಗತೈತಿ" ಎಂದಷ್ಟೇ ಹೇಳಿ ನಾನು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ನಾಲ್ಕು ಜನರೆದುರು ಮಾತು ಜೋಡಿಸುವುದು ನನಗೆ ಯಾವತ್ತೂ ಬಂದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಪಟ್ಟಿಗೆ ಪಿಕಪ್ ಎನ್ನುತ್ತಾರೆ. ಒಳಗೆ ಮ್ಯಾಗ್ನೆಟ್, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಸಣ್ಣದೊಂದು ಕರೆಂಟು ಹುಟ್ಟುತ್ತದೆ. ಅದೇ ದೊಡ್ಡದಾಗಿ ಸ್ಪೀಕರಿನಲ್ಲಿ ಕೇಳುತ್ತದೆ. ಸುತ್ತುವವರ ಕಣ್ಣಿಗೆ ಅದೂ ಒಂದು ಕಾಯಿಲ್, ಪಂಪಿನ ಮೋಟರಿನಲ್ಲಿರುವುದೂ ಒಂದು ಕಾಯಿಲ್.

ನಾನು ಹೇಳುವ ಸಂಗತಿ ನಡೆದಾಗ ನಿಮ್ಮ ಅಜ್ಜ ತೀರಿಹೋಗಿ ಎರಡು ವರ್ಷವಾಗಿತ್ತು. ಕಾಗವಾಡದ ನಮ್ಮ ಅಂಗಡಿಗೆ ಬರುವ ಕಬ್ಬಿನ ಹೊಲದ, ದ್ರಾಕ್ಷಿ ತೋಟದ ಮೋಟರುಗಳನ್ನು ನಿಮ್ಮಪ್ಪ ಬಿಚ್ಚಿ ಕೂಡಿಸುತ್ತಿದ್ದ. ಸುತ್ತುವ ಕೆಲಸ ನನ್ನದು ಮತ್ತು ನಿಮ್ಮವ್ವನದು. ಮಿರಜಿನಲ್ಲಿ ಸಿತಾರು ಮಾಡುವ ಉಸ್ತಾದರೊಬ್ಬರು ಗಿಟಾರು ರಿಪೇರಿಯನ್ನೂ ಹಿಡಿದಿದ್ದರು. ಪಿಕಪ್ ಸುತ್ತುವ ಕೆಲಸವನ್ನು ಅವರು ನನಗೆ ಕೊಡತೊಡಗಿ ಒಂದು ವರ್ಷವಾಗಿತ್ತು. ಹನ್ನೊಂದು ಸುತ್ತಿ ಕೊಟ್ಟಿದ್ದೆ. ಎಲ್ಲವೂ ಕರಿ ಮ್ಯಾಗ್ನೆಟ್ಟಿನವು, ಸ್ಪೀಕರಿನ ಹಿಂದೆ ಇರುತ್ತದಲ್ಲ, ಬಿದ್ದರೆ ಹೆಂಚಿನಂತೆ ಒಡೆಯುವ ಜಾತಿ.

ಹನ್ನೆರಡನೆಯದನ್ನು ಉಸ್ತಾದರು ತಾವೇ ಹೊತ್ತು ತಂದರು. ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿ ಇಟ್ಟಿದ್ದರು.

"ಭಾಭಿ, ಇದು ಬಾಳ ನಾಜೂಕ ಮಾಲು. ಆರು ಕಡ್ಡಿ ಅದಾವ ನೋಡ್ರಿ, ಇವ ಮ್ಯಾಗ್ನೆಟ್. ಅಲ್ನಿಕೊ ಅಂತಾರ, ಅಲ್ಯುಮಿನಿ, ನಿಕ್ಕಲ್, ಕೋಬಾಲ್ಟ್ ಕಬ್ಬಿಣದಾಗ ಕೂಡಿಸಿ ಎರಕಾ ಹೊಯ್ದದ್ದು. ತೆಗ್ಯಾಕ ಹೋದ್ರ ಪಟ್ಟಿ ಸೀಳತೈತಿ. ಕಡ್ಡಿ ಹಂಗ ಬಿಟ್ಟು ಅದರ ಮ್ಯಾಲ ಸುತ್ತರಿ."

"ಕಾಕಾ, ನಮ್ಮತ್ತಿ ಹತ್ತು ಎಚ್‌ಪಿ ಮೋಟರ್ ಸುತ್ತ್ಯಾರ. ಇದು ಬೆಂಕಿಪೆಟಗಿಯಷ್ಟೂ ಇಲ್ಲ" ಎಂದಳು ನಿಮ್ಮವ್ವ.

"ಅದಕ್ಕ ನನಗ ಅಂಜಿಕಿ, ಮಗಳ. ಹಗ್ಗಾ ಜಗ್ಗೋ ಕೈಲೆ ಹೂವು ಕಟ್ಟಬೇಕು."

ಗಿಟಾರು ಮುಗಳಖೋಡ ಕಡೆಯ ಒಬ್ಬ ಆರ್ಕೆಸ್ಟ್ರಾ ಮಾಸ್ತರದು. ಮದುವೆ, ನಾಮಕರಣಗಳಲ್ಲಿ ಬಾರಿಸುವವರು. ಅವರಿಗಿಂತ ಮೊದಲು ಅದನ್ನು ಅವರ ಅಣ್ಣ ಬಾರಿಸುತ್ತಿದ್ದನಂತೆ. ಅಣ್ಣ ತೀರಿಕೊಂಡಿದ್ದ. "ಅಣ್ಣನ ದನಿ ಅದರಾಗ ಐತಿ ಅಂತಾನ. ಹುಷಾರು" ಎಂದು ಉಸ್ತಾದರು ಹೇಳಿ ಹೋದರು.

ಹಳೆಯ ತಂತಿ ಒಳಗೊಳಗೇ ಹಸಿರುಗಟ್ಟಿ ತುಂಡಾಗಿತ್ತು. ತುಂಡು ತುಂಡಾಗಿ ಬಿಚ್ಚಿ, ಎಣಿಕೆ ಯಂತ್ರಕ್ಕೆ ಹಾಕಿ, ಏಳು ಸಾವಿರದ ಎಂಟುನೂರು ಸುತ್ತು ಎಂದು ಅಂದಾಜು ಮಾಡಿಕೊಂಡೆ. ನಲವತ್ತೆರಡು ನಂಬರಿನ ತಂತಿ. ಹೊಲಿಗೆ ಯಂತ್ರದ ಮೋಟರು ಕೂಡಿಸಿದ ಸಣ್ಣ ಯಂತ್ರದಲ್ಲಿ ಪಟ್ಟಿ ತಿರುಗುತ್ತದೆ. ತಂತಿ ನನ್ನ ಎರಡು ಬೆರಳ ನಡುವಿನ ಉಣ್ಣೆ ಬಟ್ಟೆಯ ತುಂಡಿನಿಂದ ಹಾದು ಹೋಗುತ್ತದೆ. ಬಿಗಿ ಹೆಚ್ಚಾದರೆ ಹರಿಯುತ್ತದೆ, ಸಡಿಲಾದರೆ ಉಬ್ಬುತ್ತದೆ. ಮೊದಲ ದಿನ ಎರಡು ಸಾವಿರ ದಾಟಿದಾಗ ಹರಿಯಿತು. ಎರಡನೆಯ ದಿನ ಆರು ಸಾವಿರದ ಮೇಲೆ ಯಾರೋ ಫ್ಯಾನು ಹಾಕಿದರು, ಗಾಳಿಗೆ ತಂತಿ ಅಂಚಿಗೆ ತಾಗಿ ಮತ್ತೆ ಹರಿಯಿತು. ಮೂರನೆಯ ದಿನ ಬಾಗಿಲು ಮುಚ್ಚಿಕೊಂಡು ಕೂತು ಮುಗಿಸಿದೆ. ಮೀಟರು ಹಿಡಿದರೆ ಆರು ಸಾವಿರ ಓಮಿನ ಮೇಲೆ ತೋರಿಸಿತು. ಮೇಣ ಕರಗಿಸಿ ಅದ್ದಿದೆ. ಮೋಟರಿಗೆ ವಾರ್ನಿಶು, ಇದಕ್ಕೆ ಮೇಣ. ಇಲ್ಲದಿದ್ದರೆ ಸುತ್ತುಗಳು ನಡುಗಿ ಸ್ಪೀಕರಿನಲ್ಲಿ ಕಿರುಗುಟ್ಟುತ್ತವೆ.

ಆಮೇಲೆ ಅದನ್ನು ಗ್ರೌಲರ್ ಮೇಲಿಟ್ಟೆ.

ಗ್ರೌಲರನ್ನು ನೀವು ನೋಡಿದ್ದೀರಿ. ಬೇಡುವ ಬೊಗಸೆಯಂತೆ ಬಾಯಿ ತೆರೆದ ಕಬ್ಬಿಣದ ಗಟ್ಟಿ, ಅದಕ್ಕೆ ದಪ್ಪ ತಂತಿಯ ಸುರುಳಿ. ಮನೆಯ ಕರೆಂಟು ಕೊಟ್ಟರೆ ಗುರ್ರ್ ಎನ್ನುತ್ತದೆ. ಸುತ್ತಿದ ಕಾಯಿಲ್ ಮೇಲಿಟ್ಟಾಗ ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಆ ಸದ್ದು ಭಾರವಾಗುತ್ತದೆ. ಗ್ರೌಲರ್ ಮೇಲೆ ಇಡದ ಕಾಯಿಲ್ ನಮ್ಮ ಹೊಸ್ತಿಲು ದಾಟಬಾರದು ಎಂಬುದು ನಿಮ್ಮ ಅಜ್ಜನ ನಿಯಮ. ಎತ್ತುವಾಗ ಗಕ್ಕನೆ ಎತ್ತಬಾರದು, ನಿಧಾನವಾಗಿ ಎತ್ತಬೇಕು ಎಂಬುದು ಇನ್ನೊಂದು. ಹಿಂದಿನ ಹನ್ನೊಂದಕ್ಕೂ ಹಾಗೇ ಮಾಡಿದ್ದೆ, ಇದಕ್ಕೂ ಮಾಡಿದೆ. ಸದ್ದು ಬದಲಾಗಲಿಲ್ಲ. ನಿಧಾನವಾಗಿ ಎತ್ತಿ, ಮತ್ತೆ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ.

ಎಂಟು ದಿನದ ಮೇಲೆ ಉಸ್ತಾದರ ಫೋನು ಬಂತು.

"ಭಾಭಿ, ತಪ್ಪ ತಿಳ್ಕೋಬ್ಯಾಡ್ರಿ. ಕಡ್ಡಿ ಬದಲ ಆಗಿಲ್ಲಲ್ಲ?"

"ಇಲ್ರಿ. ಕೈಯಾರೆ ಮುಟ್ಟಿಲ್ರಿ."

"ನನಗ ಗೊತ್ತೈತಿ. ಆದ್ರ ದನಿ ಬಿದ್ದೈತಿ. ಮಾಸ್ತರ ಬಂದು ಅಂಗಡಿ ಮುಂದ ನಿಂತು ಒದರ್ಯಾಡಾಕತ್ತಾನ. ಅಸಲಿ ಮ್ಯಾಗ್ನೆಟ್ ತಕ್ಕೊಂಡು ನಕಲಿ ಹಾಕೀರಿ ಅಂತಾನ."

"ನನ್ನ ಹೆಸರು ಹೇಳಿದ್ರೇನ್ರಿ?" ಎಂದೆ. ಕೇಳಬೇಕಾದದ್ದು ಅದಲ್ಲ, ಆದರೆ ಬಾಯಿಗೆ ಬಂದದ್ದು ಅದೇ.

"ನಿಮ್ಮ ಹೆಸರ್ಯಾಕ? ನನ್ನ ಅಂಗಡಿಗೆ ಬಂದ ಮಾಲು. ಜವಾಬು ನಂದು."

ಆವತ್ತು ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಾದದ್ದು ಮೂರು ದಿನದ ಮೇಲೆ. ನಿಮ್ಮವ್ವ ಒಂದು ಸ್ಟಾರ್ಟರ್ ಬಿಚ್ಚುತ್ತಿದ್ದಳು. ಅವಳ ಸ್ಕ್ರೂಡ್ರೈವರಿನ ತುದಿಗೆ ಕಬ್ಬಿಣದ ಪುಡಿಯೆಲ್ಲ ಮೆತ್ತಿಕೊಂಡಿತ್ತು. "ಈ ಹಳೇ ಸ್ಕ್ರೂಡ್ರೈವರಗ ಮತ್ತ ಮ್ಯಾಗ್ನೆಟ್ ಹಿಡದೈತಿ ನೋಡ್ರಿ ಅತ್ತಿ" ಎಂದು ನಗುತ್ತ ಅದನ್ನು ಗ್ರೌಲರ್ ಮೇಲೆ ಹಿಡಿದು ನಿಧಾನವಾಗಿ ಎತ್ತಿದಳು. ಪುಡಿ ಉದುರಿತು. ತಿಂಗಳಿಗೊಮ್ಮೆ ನಾವು ಮಾಡುವ ಕೆಲಸವೇ ಅದು. ಮದುವೆಯಾಗಿ ಬಂದಾಗಿನಿಂದ ನಾನೇ ಎಷ್ಟು ಸಲ ಮಾಡಿದ್ದೇನೋ. ಹಿಂದು ಮುಂದು ತಿರುಗುವ ಕರೆಂಟು ಕಬ್ಬಿಣದೊಳಗಿನ ಶಕ್ತಿಯನ್ನು ಅತ್ತಿತ್ತ ಎಳೆದಾಡಿ, ನಿಧಾನವಾಗಿ ದೂರ ಸರಿದಂತೆ ಅದನ್ನು ಇಲ್ಲವಾಗಿಸುತ್ತದೆ. ನಾನು ಕೈಯಲ್ಲಿದ್ದ ಟೇಪು ಕೆಳಗಿಟ್ಟೆ.

ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ನಾನೊಬ್ಬಳೇ ಅಂಗಡಿಗೆ ಬಂದೆ. ಕೆಟ್ಟ ಹಳೆಯ ಮುಳ್ಳಿನ ಮೀಟರೊಂದರಲ್ಲಿ ಅದೇ ಅಲ್ನಿಕೊ ಜಾತಿಯ, ಬೆಳ್ಳಗಿನ ಮ್ಯಾಗ್ನೆಟ್ ಇತ್ತು. ಬಿಚ್ಚಿ ತೆಗೆದು ಗುಂಡುಸೂಜಿಗಳಿಗೆ ಹಿಡಿದೆ. ಒಂದರ ತುದಿಗೊಂದು ಒಂಬತ್ತು ಸೂಜಿ ಜೋತುಬಿದ್ದವು. ಗ್ರೌಲರ್ ಮೇಲಿಟ್ಟು ಎತ್ತಿ ಮತ್ತೆ ಹಿಡಿದೆ. ಎರಡು. ಒಡೆದ ಸ್ಪೀಕರಿನ ಕರಿ ಮ್ಯಾಗ್ನೆಟ್ಟಿಗೂ ಹಾಗೇ ಮಾಡಿದೆ. ಅದು ಮೊದಲು ಎಷ್ಟು ಹಿಡಿದಿತ್ತೋ ಆಮೇಲೂ ಅಷ್ಟೇ ಹಿಡಿಯಿತು. ಕರಿಯದು ಹಟಮಾರಿ, ಹಿಡಿದದ್ದನ್ನು ಬಿಡುವುದಿಲ್ಲ. ಅಲ್ನಿಕೊ ಮೆತ್ತಗಿನ ಸ್ವಭಾವದ್ದು. ಹನ್ನೊಂದು ಸಲ ಏನೂ ಆಗದ್ದು ಹನ್ನೆರಡನೆಯ ಸಲ ಯಾಕಾಯಿತು ಎಂಬುದು ಸೂಜಿಗಳಲ್ಲೇ ಕಾಣುತ್ತಿತ್ತು.

ಫೋನು ಕಪಾಟಿನ ಮೇಲೆಯೇ ಇತ್ತು. ನಾನು ಸೂಜಿಗಳನ್ನೆಲ್ಲ ಆಯ್ದು ಡಬ್ಬಿಗೆ ಹಾಕಿ ಮನೆಗೆ ಹೋದೆ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಹೇಳಿದರೆ ನಿಮ್ಮ ಅಜ್ಜನ ನಿಯಮಕ್ಕೆ ಕೆಟ್ಟ ಹೆಸರು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನಿಜವಾಗಿ, ಆ ಕೆಲಸ ಮಾಡುವಾಗ ಮಾತ್ರ ನಾನು ಹುಷಾರಿ ಹೆಂಗಸು ಎಂದು ನನಗೆ ಅನ್ನಿಸುತ್ತಿತ್ತು. ಮಿರಜಿನ ಉಸ್ತಾದರು ನನ್ನ ಕೈಯನ್ನು ಹುಡುಕಿಕೊಂಡು ಕಾಗವಾಡಕ್ಕೆ ಬರುತ್ತಾರೆ ಎಂಬುದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಆ ವಾರವೇ ಅವರು ಮತ್ತೆ ಬಂದರು. ಈ ಸಲ ಮೂರು ಪಟ್ಟಿ ತಂದಿದ್ದರು. ಒಂದರಲ್ಲಿ ಐದು ನಂಬರಿನ ಅಲ್ನಿಕೊ, ಒಂದರಲ್ಲಿ ಅದಕ್ಕಿಂತ ಶಕ್ತಿ ಕಡಿಮೆಯ ಎರಡು ನಂಬರಿನದು, ಇನ್ನೊಂದರಲ್ಲಿ ಉಕ್ಕಿನ ಕಡ್ಡಿಗಳ ಕೆಳಗೆ ಕರಿ ಮ್ಯಾಗ್ನೆಟ್.

"ಮೂರಕ್ಕೂ ಒಂದ ತಂತಿ, ಒಂದ ಎಣಿಕಿ, ಒಂದ ಕೈ" ಎಂದರು. "ಮ್ಯಾಗ್ನೆಟ್ ಅಷ್ಟ ಬ್ಯಾರೆ. ಮಾಸ್ತರಗ ಮೂರೂ ಕೇಳಸ್ತೀನಿ. ಅವನ ದನಿ ಯಾವುದ್ರಾಗ ಸಿಗತೈತೋ ಅದು ಅವಂದು. ನೀವೂ ಬರ್ರಿ ಭಾಭಿ, ತಂತಿ ಬೆಸಗಿ ಬಿಟ್ಟು ಬಂದ್ರ ಯಾರು ಹಚ್ಚವ್ರು?"

ಆರು ದಿನ ಹಿಡಿದು ಮೂರನ್ನೂ ಸುತ್ತಿದೆ. ಅಷ್ಟು ಒಂದೇ ಸಮ ಹಿಂದೆಂದೂ ಸುತ್ತಿರಲಿಲ್ಲ. ಗ್ರೌಲರ್ ಮೇಲೆ ಒಂದನ್ನೂ ಇಡಲಿಲ್ಲ. "ಅತ್ತಿ, ಗ್ರೌಲರ್?" ಎಂದಳು ನಿಮ್ಮವ್ವ. "ಮೀಟರ್‌ನಾಗ ನೋಡೇನಿ ಬಿಡು" ಎಂದೆ.

ಮಿರಜಿನ ಆ ಅಂಗಡಿಯ ತುಂಬ ಸಿತಾರಿನ ಒಣಗಿದ ದೊಡ್ಡ ಸೋರೆಬುರುಡೆಗಳು. ನಡುವೆ ಮಾಸ್ತರರು ಸ್ಟೂಲಿನ ಮೇಲೆ ಕೂತಿದ್ದರು. ಸಣಕಲು ಮೈ, ದೊಡ್ಡ ಕೈ. ನಾನು ಬುರುಡೆಗಳ ಹಿಂದೆ ಚಾಪೆಯ ಮೇಲೆ ಕೂತೆ. ನಿಮ್ಮವ್ವ ಪಕ್ಕದಲ್ಲಿದ್ದಳು. ಉಸ್ತಾದರು ಒಂದೊಂದೇ ಪಿಕಪ್ ಕೂಡಿಸಿದರು, ಮಾಸ್ತರರು ಪ್ರತಿ ಸಲ ಒಂದೇ ನಾಲ್ಕು ಸ್ವರ ಬಾರಿಸಿದರು.

ದೊಡ್ಡವಳೇ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ನನಗೆ ರಾಗ ತಾಳ ತಿಳಿಯದು. ಸದ್ದು ಕೇಳಿ ಮೋಟರಿನ ಬೇರಿಂಗು ಹೇಳಬಲ್ಲೆ, ಅಷ್ಟೇ. ಕರಿ ಮ್ಯಾಗ್ನೆಟ್ಟಿನ ದನಿ ಮುಖಕ್ಕೇ ಬಂತು. ಸ್ಟೀಲು ತಟ್ಟೆಯ ಅಂಚಿಗೆ ಚಮಚ ಬಡಿದಂತೆ ಚುರುಕು, ಜೋರು, ಎಲ್ಲ ಸ್ವರವೂ ಒಂದೇ ಗಟ್ಟಿ. ಐದು ನಂಬರಿನದು ಹಿತ್ತಾಳೆ ಕೊಡ ಬಡಿದಂತೆ, ಹೊಳಪೂ ಇದೆ, ಒಳಗೆ ಗುಂಯ್ ಎನ್ನುವುದೂ ಇದೆ. ಅದನ್ನು ತಂತಿಗೆ ಬಹಳ ಹತ್ತಿರ ಏರಿಸಿದಾಗ ಮ್ಯಾಗ್ನೆಟ್ಟೇ ತಂತಿಯನ್ನು ಎಳೆದು ಸ್ವರ ಓಲಾಡಿತು. ಉಸ್ತಾದರು ಸ್ಕ್ರೂ ಸಡಿಲಿಸಿ ಕೆಳಗಿಳಿಸಿದರು. ಎರಡು ನಂಬರಿನದು ಅದೇ ಕೊಡದಲ್ಲಿ ಅರ್ಧ ನೀರಿದ್ದಂತೆ, ತುದಿಗಳು ಮೆತ್ತಗೆ, ಹೊಡೆದರೂ ನೋಯದ ದನಿ. ಕೊನೆಗೆ ನಾನು ಕೆಡಿಸಿದ ಹಳೆಯದನ್ನೂ ಹಾಕಿದರು. ಕೊಡದ ಮೇಲೆ ಹಸಿ ಬಟ್ಟೆ ಮುಚ್ಚಿ ಬಡಿದಂತಿತ್ತು.

ಮಾಸ್ತರರು ಐದು ನಂಬರಿನದನ್ನು ಎರಡು ಸಲ ಬಾರಿಸಿದರು. ಆಮೇಲೆ ಗಿಟಾರು ತೊಡೆಯ ಮೇಲೆ ಅಡ್ಡ ಮಲಗಿಸಿದರು.

"ಇದು ಹತ್ರ ಐತ್ರಿ. ಆದ್ರ ಹೊಸಾದು. ನಂದು ಇದಲ್ಲ. ನಂದು ಯಾರ ಗಿಟಾರದಾಗ ಹೋಗಿ ಕುಂತೈತಿ, ಅಷ್ಟ ಹೇಳಿಬಿಡ್ರಿ."

"ಅದಽ ಕಡ್ಡಿ ಅದಾವ ಮಾಸ್ತರ. ಅಲ್ಲಾನ ಆಣಿ."

"ಇಲ್ಲಿ ಕುಂತು ಹೇಳಿದ್ದು ಆಣಿ ಅಲ್ಲ. ಯಡೂರ ವೀರಭದ್ರನ ಮುಂದ ಬಂದು ಹೇಳ್ತೀರೇನು?"

ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಉಸ್ತಾದರ ಮುಖ ಕೆಂಪಾಯಿತು.

"ಬರ್ತೀನಿ" ಎಂದರು. "ಸೋಮವಾರ. ನಮ್ಮಪ್ಪಾನೂ ಆ ಗುಡಿಗೆ ತಂಬೂರಿ ಮಾಡಿ ಕೊಟ್ಟಾನ. ಆ ದೇವರಿಗೆ ನಾ ಗುರ್ತದಾಂವ."

ಮರಳಿ ಬರುವಾಗ ಬಸ್ಸಿನಲ್ಲಿ ನಿಮ್ಮವ್ವ, "ಪಾಪ ಕಾಕಾ, ಮಾಡದ ತಪ್ಪಿಗೆ ಹೊಳ್ಯಾಗ ಮುಳಗಬೇಕು" ಎಂದಳು. ಯಡೂರಿನಲ್ಲಿ ಆಣೆ ಮಾಡುವವರು ಮೊದಲು ಕೃಷ್ಣೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ದೇವರ ಮುಂದೆ ನಿಲ್ಲಬೇಕು.

ಶನಿವಾರ ಫೋನು ಮಾಡಿದೆ. ಉಸ್ತಾದರು ಎತ್ತಿದರು. "ಹೇಳ್ರಿ ಭಾಭಿ." ನಾನು ನಲವತ್ತೆರಡು ನಂಬರಿನ ತಂತಿ ಇನ್ನೊಂದು ರೀಲು ಬೇಕಾಗಿತ್ತು ಎಂದೆ. "ಕಳಸ್ತೀನಿ" ಎಂದರು. ಇಟ್ಟುಬಿಟ್ಟೆ. ಕಪಾಟಿನಲ್ಲಿ ಎರಡು ರೀಲು ಇದ್ದವು.

ಸೋಮವಾರ ಬೆಳಿಗ್ಗೆ ದೇವರಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟೆ. ಅಂಕಲಿಯವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೊ. ನಿರ್ಧಾರ ಮಾಡಿಯೇ ಹೊರಟಿದ್ದೆ. ಹೇಳಬೇಕಾದದ್ದು ಮೂರೇ ಮಾತು: ನಾನು ಗ್ರೌಲರ್ ಮೇಲಿಟ್ಟೆ, ಅದರಿಂದ ಶಕ್ತಿ ಹೋಯಿತು, ಅವರದು ತಪ್ಪಿಲ್ಲ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ಹೋದೆ.

ಗುಡಿಯಲ್ಲಿ ಉಸ್ತಾದರು ಕೃಷ್ಣೆಯಲ್ಲಿ ಮುಳುಗಿ ಬಂದು ಒದ್ದೆ ಬಟ್ಟೆಯಲ್ಲೇ ನಿಂತರು. ಬಿಳಿಯ ಗಡ್ಡದಿಂದ ನೀರು ಸೋರುತ್ತಿತ್ತು. ಮಾಸ್ತರರು ಪಕ್ಕದಲ್ಲಿದ್ದರು, ಅವರ ಆರ್ಕೆಸ್ಟ್ರಾದ ನಾಲ್ಕೈದು ಜನರೂ ಇದ್ದರು. ಉಸ್ತಾದರು ಅಂಗೈಯಲ್ಲಿ ಆ ಪಿಕಪ್ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ನನ್ನಿಂದಾಗ್ಲಿ, ನಾ ಕೆಲಸಾ ಕೊಟ್ಟವರಿಂದಾಗ್ಲಿ ಈ ಮ್ಯಾಗ್ನೆಟ್‌ಗೆ ಏನೂ ಆಗಿಲ್ಲ. ಇದು ಸುಳ್ಳಾದ್ರ ನನ್ನ ಕೈ ಬೀಳಲಿ."

ನಾ ಕೆಲಸಾ ಕೊಟ್ಟವರಿಂದಾಗ್ಲಿ. ಅದನ್ನು ಯಾರೂ ಅವರಿಂದ ಕೇಳಿರಲಿಲ್ಲ. ನನ್ನನ್ನು ನಂಬಿ ಅವರೇ ಸೇರಿಸಿದರು.

ಆಗ ನನ್ನ ಕಾಲು ನಡೆಯಿತು. ಜನರ ನಡುವೆ ಹೋಗಿ ನಿಂತು, ತಲೆ ಎತ್ತದೆ, "ನಾ ಕೆಡಿಸೇನ್ರಿ" ಎಂದೆ. ಗ್ರೌಲರಿನ ಸಂಗತಿ, ಸೂಜಿಯ ಸಂಗತಿ ಹೇಳಿದೆ. ಮೂರು ಮಾತಿನಲ್ಲಿ ಮುಗಿಯಲಿಲ್ಲ, ಹಿಂದು ಮುಂದಾಯಿತು. "ಆಣಿಕಿಂತ ಮೊದಲ ಹೇಳಬೇಕಂದಿದ್ದೆ. ಬಸ್ಸು ತಡಾ ಆತ್ರಿ" ಎಂದೂ ಹೇಳಿದೆ.

ಮಾಸ್ತರರು ಕಣ್ಣು ಬಿಟ್ಟು ನೋಡುತ್ತಿದ್ದರು. ಉಸ್ತಾದರು ಒದ್ದೆ ಕೈಯಿಂದ ಹಣೆ ಬಡಿದುಕೊಂಡು ನಕ್ಕೇಬಿಟ್ಟರು.

"ಯಾ ಅಲ್ಲಾ! ಕರೆಂಟಿನ ಮ್ಯಾಲ ಇಟ್ಟಿದ್ರೀ? ಹಂಗಾದ್ರ ಅದು ಸತ್ತಿಲ್ಲೋ ಮಾಸ್ತರ, ಬರಿದಾಗೈತಿ ಅಷ್ಟ! ಮತ್ತ ತುಂಬಾಕ ಬರತೈತಿ!"

ಮರುದಿನ ಇಬ್ಬರೂ ನಮ್ಮ ಅಂಗಡಿಗೇ ಬಂದರು. ಉಳಿದಿದ್ದ ಅಲ್ಪ ಶಕ್ತಿಯಿಂದಲೇ ದಿಕ್ಸೂಚಿ ಹಿಡಿದು ಯಾವ ತುದಿ ಉತ್ತರ, ಯಾವುದು ದಕ್ಷಿಣ ಎಂದು ಗುರುತು ಹಾಕಿದೆವು. ತಿರುಗುಮುರುಗಾದರೆ ಗಿಟಾರಿನ ಇನ್ನೊಂದು ಪಿಕಪ್ಪಿನ ಜೊತೆ ಅದು ಜಗಳಾಡುತ್ತದೆ. ಮೊದಲು ನಾನು ದಪ್ಪ ತಂತಿಯ ಸುರುಳಿ ಸುತ್ತಿ ಟ್ರ್ಯಾಕ್ಟರಿನ ಬ್ಯಾಟರಿ ಕೊಟ್ಟು ನೋಡಿದೆ. ಬ್ಯಾಟರಿಯ ಕರೆಂಟು ಒಂದೇ ದಿಕ್ಕಿನದು, ಅತ್ತಿತ್ತ ಎಳೆಯುವುದಿಲ್ಲ. ಆದರೆ ಸುರುಳಿ ಸುಡುವಷ್ಟು ಬಿಸಿಯಾಯಿತು, ಶಕ್ತಿ ಅರ್ಧವೂ ಬರಲಿಲ್ಲ. ಆಮೇಲೆ ಉಸ್ತಾದರು ನಿಯೋಡಿಮಿಯಂ ಎಂಬ ಹೊಳೆಯುವ ಎರಡು ಬಿಲ್ಲೆ ತೆಗೆದರು. ಬೆರಳು ಸಿಕ್ಕರೆ ಜಜ್ಜುವಷ್ಟು ಜೋರಿನವು. ಕಬ್ಬಿಣ ಬಿಗಿದು ಹಿಡಿಯುವ ವೈಸಿನ ಎರಡು ದವಡೆಗೆ ಎದುರುಬದುರು ಹಚ್ಚಿ, ನಡುವೆ ಸಂದು ಬಿಟ್ಟು, ಪಿಕಪ್ಪನ್ನು ಒಂದೇ ದಿಕ್ಕಿನಲ್ಲಿ ಎಳೆದು ತೆಗೆದರು. ಒಂದೊಂದು ಕಡ್ಡಿಯನ್ನೂ ಸೂಜಿಗೆ ಹಿಡಿದು ನೋಡಿದೆ. ಆರೂ ಎದ್ದಿದ್ದವು.

ಅಂಗಡಿಯಲ್ಲೇ ಸಣ್ಣ ಸ್ಪೀಕರು ಇಟ್ಟು ಮಾಸ್ತರರು ಬಾರಿಸಿದರು. ಅದೇ ನಾಲ್ಕು ಸ್ವರ. ಕೊಡದ ಮೇಲಿನ ಬಟ್ಟೆ ತೆಗೆದಂತಾಯಿತು. ಅವರು ನಿಲ್ಲಿಸಲಿಲ್ಲ, ಒಂದು ಹಾಡಿನ ಅರ್ಧದವರೆಗೂ ಹೋಗಿ ಆಮೇಲೆ ತಂತಿಯ ಮೇಲೆ ಅಂಗೈ ಇಟ್ಟರು. "ಬಂದ. ಅಣ್ಣ ಬಂದ" ಎಂದು ಉಸ್ತಾದರ ಕಾಲಿಗೆ ಬಗ್ಗಿದರು. ಉಸ್ತಾದರು ಕಾಲು ಹಿಂದೆ ತೆಗೆದುಕೊಂಡು, "ನನಗಲ್ಲ, ಭಾಭಿಗೆ ಹೇಳು. ನಾಕು ಮಂದ್ಯಾಗ ಬಂದು ಖರೇ ಹೇಳಿದಾಕಿ" ಎಂದರು. ಮಾಸ್ತರರು ನನಗೆ ಕೈ ಮುಗಿದರು. ನಿಮ್ಮವ್ವ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ನನಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ.

ಮಾಸ್ತರರು ಹೋದ ಮೇಲೆ ಉಸ್ತಾದರು ಚಹಾ ಕುಡಿಯುತ್ತ ಕೂತರು. ನಿಮ್ಮವ್ವ ಒಳಗೆ ಹೋಗಿದ್ದಳು.

"ಭಾಭಿ" ಎಂದರು ಸಣ್ಣ ದನಿಯಲ್ಲಿ. "ನಾ ಹೊಳಿಗೆ ಇಳಿಯಾಕಿಂತ ಮೊದಲ ನೀವು ಮೆಟ್ಟಲದ ಮ್ಯಾಲ ನಿಂತಿದ್ರಿ. ಹಸಿರು ಸೀರಿ. ನಾ ನೋಡಿದ್ದೆ."

"ಹೌದ್ರಿ" ಎಂದೆ.

"ಮೂರು ಮುಣಗ ಹಾಕಿದ್ನಿ. ಪ್ರತಿ ಸಲ ಎದ್ದಾಗ ನೋಡಿದ್ನಿ, ನೀವು ಅಲ್ಲೇ ಇದ್ರಿ. ನಮಗಾಗಿ ಬೇಡಿಕೊಳ್ಳಾಕ ಬಂದಾರ ಅಂತ ತಿಳಕೊಂಡೆ. ಅದಕ್ಕ ಆಣ್ಯಾಗ ನಿಮ್ಮನ್ನೂ ಕೂಡಿಸಿದ್ನಿ."

ನಾನು ಮೇಜಿನ ಮೇಲಿನ ಸೂಜಿಗಳನ್ನು ಆಯ್ದು ಡಬ್ಬಿಗೆ ಹಾಕತೊಡಗಿದೆ. ಅವರು ಚಹಾ ಮುಗಿಸಿ ಕಪ್ಪುಬಸಿ ಕೆಳಗಿಟ್ಟು, ಚೀಲದಿಂದ ಇನ್ನೊಂದು ಪಿಕಪ್ ತೆಗೆದು ಮೇಜಿನ ಮೇಲಿಟ್ಟು ಹೋದರು. ಆಮೇಲೆಯೂ ಎಷ್ಟೋ ಸಲ ಬಂದಿದ್ದಾರೆ, ಆ ಮಾತು ಮತ್ತೆ ಎತ್ತಿಲ್ಲ. ನನ್ನ ಸುಳ್ಳನ್ನು ಯಾರ ಮುಂದೆಯೂ ಬಯಲು ಮಾಡಿಲ್ಲ.

ನಿಮ್ಮವ್ವ ಇವತ್ತಿಗೂ ಬಂದವರಿಗೆಲ್ಲ, ಬಸ್ಸು ತಡವಾಗದಿದ್ದರೆ ನಮ್ಮತ್ತೆ ಆಣೆಯನ್ನೇ ತಪ್ಪಿಸುತ್ತಿದ್ದರು ಎಂದು ಹೇಳುತ್ತಾಳೆ. ಈ ಕಾಗದವನ್ನು ಮೊದಲು ಅವಳಿಗೆ ಓದಿ ಹೇಳಿ. ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತ್ತು. ನಾನು ಅರ್ಧ ಗಂಟೆ ಮೆಟ್ಟಿಲ ಮೇಲೆ ನಿಂತು, ಆ ಮುದುಕ ನೀರಿಗೆ ಇಳಿಯುವುದನ್ನು ನೋಡಿದೆ.